ಶಿಳ್ಳೆ ಬೀಳದ ನಾಯಕರು: ಚೋಮ, ತಬರ ಮತ್ತು ವಿಮರ್ಶಕರ ಪ್ರಶಸ್ತಿ

ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡೆ ಜಾತ್ರೆಗೆ ನಾಟಕ ಇದ್ದರೆ, ಯಾವ ಪಾತ್ರಧಾರಿ ಚೆನ್ನಾಗಿ ಮಾಡಿದ ಎಂಬುದು ಅದೇ ರಾತ್ರಿ ತೀರ್ಮಾನ ಆಗಿಬಿಡುತ್ತದೆ. ಆಟ ನಡೆದಿರುವಾಗಲೇ ಒಬ್ಬರು ಎದ್ದು ಹೋಗಿ ಅವನ ಅಂಗಿಗೆ ನೋಟು ಚುಚ್ಚುತ್ತಾರೆ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಅಲ್ಲಿ ನೋಡುವವರೂ ನಾವೇ, ತೀರ್ಪು ಕೊಡುವವರೂ ನಾವೇ.

ಸಿನಿಮಾದಲ್ಲಿ ಹಾಗಲ್ಲ. ಅಲ್ಲಿ ಜನ ಮೆಚ್ಚಿದ ನಾಯಕ ಒಬ್ಬ, ವಿಮರ್ಶಕರು ಮೆಚ್ಚಿದ ನಾಯಕ ಇನ್ನೊಬ್ಬ. ಒಮ್ಮೊಮ್ಮೆ ಇಬ್ಬರೂ ಒಬ್ಬರೇ ಆಗುವುದುಂಟು, ಆದರೆ ಕಡಿಮೆ.

ಬಂಗಾಳದ ಸಿನಿಮಾ ಪತ್ರಕರ್ತರು 1937ರಲ್ಲೇ ಸಂಘ ಕಟ್ಟಿಕೊಂಡು ಪ್ರಶಸ್ತಿ ಕೊಡಲು ಶುರು ಮಾಡಿದ್ದರು. ಕೇಂದ್ರ ಸರ್ಕಾರದ ರಾಷ್ಟ್ರ ಪ್ರಶಸ್ತಿಯಲ್ಲಿ ಶ್ರೇಷ್ಠ ನಟನಿಗೆ ಬೇರೆ ಪ್ರಶಸ್ತಿ ಬಂದದ್ದು 1967ರ ಚಿತ್ರಗಳಿಂದ. ಮೊದಲು ಪಡೆದವರು ಬಂಗಾಳದ ಉತ್ತಮ್ ಕುಮಾರ್. ಇದು ವಿಮರ್ಶಕರ ಸಂಘದ ಪ್ರಶಸ್ತಿ ಅಲ್ಲ, ನಿಜ. ಆದರೆ ಇಲ್ಲಿಯೂ ಟಿಕೆಟ್ ಎಷ್ಟು ಹರಿದವು ಎಂದು ಯಾರೂ ಕೇಳುವುದಿಲ್ಲ. ಸಿನಿಮಾ ಬಲ್ಲ ಕೆಲವರು ಕೂತು, ನೋಡಿ ತೀರ್ಮಾನಿಸುತ್ತಾರೆ. ಹಾಗಾಗಿ ನಮ್ಮ ಕಥೆ ಇಲ್ಲಿಂದಲೇ ಶುರು.

ಕನ್ನಡ ಚಿತ್ರಕ್ಕೆ ಈ ಪ್ರಶಸ್ತಿ ಮೊದಲು ತಂದವರು ಎಂ.ವಿ. ವಾಸುದೇವರಾವ್. ಚಿತ್ರ 1975ರ ‘ಚೋಮನ ದುಡಿ’, ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. ವಾಸುದೇವರಾವ್ ಪೋಸ್ಟರಿನ ನಾಯಕರೇ ಅಲ್ಲ. ಚಿಕ್ಕ ವಯಸ್ಸಿನಲ್ಲೇ ಗುಬ್ಬಿ ಕಂಪನಿ ಸೇರಿ ಬೆಳೆದ ನಾಟಕದ ಮನುಷ್ಯ. ಚೋಮ ಒಬ್ಬ ದಲಿತ ಆಳು. ಅವನ ಆಸೆ ಒಂದೇ: ತುಂಡು ಭೂಮಿ ಸಿಕ್ಕರೆ ಸ್ವಂತ ಬೇಸಾಯ ಮಾಡಬೇಕು. ಜಾತಿ ಅದಕ್ಕೆ ಬಿಡುವುದಿಲ್ಲ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗಬೇಕಾಗುತ್ತದೆ. ಸಿಟ್ಟು, ದುಃಖ, ಕುಡಿತ ಎಲ್ಲವನ್ನೂ ಚೋಮ ತನ್ನ ದುಡಿಯ ಮೇಲೆ ಬಾರಿಸುತ್ತಾನೆ. ಮಾತಿಗಿಂತ ದುಡಿಯೇ ಹೆಚ್ಚು ಹೇಳುತ್ತದೆ.

ಆ ವರ್ಷವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಕರ್ನಾಟಕದಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ, ಉಳುವವನೇ ಹೊಲದೊಡೆಯ ಎಂಬ ಕೂಗಿನ ಕಾಲ. ಜೀತ ಪದ್ಧತಿ ರದ್ದು ಮಾಡುವ ಸುಗ್ರೀವಾಜ್ಞೆ 1975ರ ಅಕ್ಟೋಬರಿನಲ್ಲಿ, ಕಾಯ್ದೆ 1976ರಲ್ಲಿ. ಚೋಮನ ಊರು ಕರಾವಳಿ ಕಡೆಯದು ಇರಬಹುದು. ಆದರೆ ಜೀತಕ್ಕಿದ್ದವರ ಕಥೆ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಅವನ ಪರಿಚಯ ಮಾಡಿಕೊಡಬೇಕಿಲ್ಲ.

ಇದೇ ವಾಸುದೇವರಾವ್ 1977ರಲ್ಲಿ ಮೃಣಾಲ್ ಸೇನ್ ಅವರ ತೆಲುಗು ಚಿತ್ರ ‘ಒಕ ಊರಿ ಕಥ’ದಲ್ಲೂ ಮುಖ್ಯ ಪಾತ್ರ ಮಾಡಿದರು. ಪ್ರೇಮಚಂದರ ‘ಕಫನ್’ ಕಥೆ ಅದು. ದುಡಿದರೂ ಲಾಭ ಸಾಹುಕಾರನಿಗೇ ಅಂದಮೇಲೆ ದುಡಿಯುವುದೇ ಬೇಡ ಎಂದು ಕೂತ ಅಪ್ಪನ ಪಾತ್ರ. ನಮ್ಮ ಗಡಿಯಲ್ಲಿ ತೆಲುಗು ಬಲ್ಲವರು ಬಹಳ ಮಂದಿ. ಸಿಕ್ಕರೆ ನೋಡಿ.

ಎರಡನೆಯ ಸಲ ಪ್ರಶಸ್ತಿ ಬಂದದ್ದು 1986ರ ‘ತಬರನ ಕಥೆ’ಗೆ. ತೇಜಸ್ವಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ಚಿತ್ರ. ನಟ ಚಾರುಹಾಸನ್, ಕಮಲಹಾಸನ್ ಅವರ ಅಣ್ಣ, ಮೊದಲು ವಕೀಲರಾಗಿದ್ದವರು. ತಬರ ನಿವೃತ್ತ ಸರ್ಕಾರಿ ನೌಕರ. ಹೆಂಡತಿಯ ಕಾಲು ಕೊಳೆಯುತ್ತಿದೆ, ಔಷಧಕ್ಕೆ ಹಣ ಬೇಕು, ಪಿಂಚಣಿ ಬರುತ್ತಿಲ್ಲ. ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಒಂದು ಕಾಗದ ಕಡಿಮೆ ಇದೆ, ಸಾಹೇಬರು ಇಲ್ಲ, ನಾಳೆ ಬಾ. ವೃದ್ಧಾಪ್ಯ ವೇತನಕ್ಕೆ ತಾಲೂಕು ಕಚೇರಿಯ ಮುಂದೆ ಕೂತ ಯಾವ ಹಿರಿಯರನ್ನು ಕೇಳಿದರೂ ಈ ಸಂಭಾಷಣೆ ಬಾಯಿಪಾಠ ಹೇಳುತ್ತಾರೆ.

ಇಲ್ಲಿ ನಮಗೊಂದು ತಕರಾರಿದೆ. ಈ ಪಾತ್ರಗಳು ನಮ್ಮಂಥವರ ಪಾತ್ರಗಳು, ಆದರೆ ಇಂಥ ಚಿತ್ರ ನಮ್ಮ ಟಾಕೀಸುಗಳಿಗೆ ಬರುವುದು ಅಪರೂಪ. ಹಿಂದೆ ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಬೇರೆಬೇರೆ ಭಾಷೆಯ ಪ್ರಶಸ್ತಿ ಚಿತ್ರ ಹಾಕುತ್ತಿದ್ದರು. ಕರೆಂಟು ಇದ್ದರೆ ಅದೇ ನಮ್ಮ ಹಿರಿಯರ ಚಿತ್ರೋತ್ಸವ. ‘ಪ್ರಶಸ್ತಿ ಪಿಚ್ಚರ್ ಅಂದ್ರ ಬ್ಯಾಸರ ಪಿಚ್ಚರ್’ ಎಂಬ ಮಾತು ನೋಡದೇ ಹುಟ್ಟಿದ್ದು ಎಂಬುದು ನಮ್ಮ ಗುಮಾನಿ.

ವಿಮರ್ಶಕರ ತೀರ್ಪೇ ಕೊನೆಯದು ಎಂದೂ ನಾವು ಹೇಳುತ್ತಿಲ್ಲ. ಡಾ. ರಾಜ್‌ಕುಮಾರ್ ಅವರಿಗೆ ನಟನೆಗೆ ರಾಷ್ಟ್ರ ಪ್ರಶಸ್ತಿ ಬರಲೇ ಇಲ್ಲ. ‘ಜೀವನ ಚೈತ್ರ’ದ ಹಾಡಿಗೆ ಗಾಯಕರಾಗಿ ಬಂತು, ಆಮೇಲೆ ಫಾಲ್ಕೆ ಗೌರವ ಬಂತು.

ಮೂರನೆಯ ಪ್ರಶಸ್ತಿಗೆ ಬಹಳ ವರ್ಷ ಕಾಯಬೇಕಾಯಿತು. 2014ರ ಸಾಲಿಗೆ ‘ನಾನು ಅವನಲ್ಲ... ಅವಳು’ ಚಿತ್ರದ ಸಂಚಾರಿ ವಿಜಯ್. ಬಿ.ಎಸ್. ಲಿಂಗದೇವರು ನಿರ್ದೇಶನದ, ಲಿಂಗತ್ವ ಅಲ್ಪಸಂಖ್ಯಾತೆಯೊಬ್ಬರ ಆತ್ಮಕಥೆ ಆಧರಿಸಿದ ಚಿತ್ರ. ವಿಜಯ್ ಕಡೂರು ತಾಲೂಕಿನ ಪಂಚನಹಳ್ಳಿಯವರು, ಸಂಚಾರಿ ರಂಗತಂಡದಿಂದ ಬಂದವರು. ಸಂತೆಯಲ್ಲಿ ಚಪ್ಪಾಳೆ ತಟ್ಟಿ ಕೈ ಚಾಚುವವರನ್ನು ಕಂಡು ಮುಖ ತಿರುಗಿಸುವ ನಮಗೆ ಆ ಪಾತ್ರ ಮುಖ ಎತ್ತಿ ನೋಡುವಂತೆ ಮಾಡಿತು. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಅವರು ತೀರಿಕೊಂಡರು. ಅಂಗಾಂಗಗಳನ್ನು ಮನೆಯವರು ದಾನ ಮಾಡಿದರು.

ನಾಲ್ಕನೆಯವರು ನಿಮಗೆಲ್ಲ ಗೊತ್ತು. 2022ರ ‘ಕಾಂತಾರ’ಕ್ಕೆ ರಿಷಬ್ ಶೆಟ್ಟಿ, ಘೋಷಣೆ ಆದದ್ದು 2024ರ ಆಗಸ್ಟ್‌ನಲ್ಲಿ. ಶಿಳ್ಳೆಯೂ ಬಿತ್ತು, ಪ್ರಶಸ್ತಿಯೂ ಬಂತು.

ಈಗ ವಿಮರ್ಶಕರದೇ ಎಂದು ಹೆಸರಿಟ್ಟ ಪ್ರಶಸ್ತಿಗಳೂ ಇವೆ. ಫಿಲ್ಮ್‌ಫೇರ್‌ನವರು ಕನ್ನಡಕ್ಕೆ ಶ್ರೇಷ್ಠ ನಟ ಬೇರೆ, ವಿಮರ್ಶಕರ ಆಯ್ಕೆ ಬೇರೆ ಎಂದು ಕೊಡುತ್ತಾರೆ. 2017ರ ಸಾಲಿಗೆ ಮೊದಲನೆಯದು ‘ರಾಜಕುಮಾರ’ಕ್ಕೆ ಪುನೀತ್ ಅವರಿಗೆ, ಎರಡನೆಯದು ‘ಅಲ್ಲಮ’ಕ್ಕೆ ಧನಂಜಯ ಅವರಿಗೆ. ಕಲ್ಯಾಣದ ಅನುಭವ ಮಂಟಪದ ಪೀಠದಲ್ಲಿ ಕೂತ ಅಲ್ಲಮಪ್ರಭುವಿನ ಪಾತ್ರ ಅದು. 2022ಕ್ಕೆ ರಿಷಬ್ ಜೊತೆಗೆ ವಿಮರ್ಶಕರ ಆಯ್ಕೆಯಾಗಿ ನವೀನ್ ಶಂಕರ್. ಬೆಂಗಳೂರಿನ ಸಿನಿಮಾ ಪತ್ರಕರ್ತರು ಕಟ್ಟಿದ ಚಂದನವನ ಫಿಲ್ಮ್ ಕ್ರಿಟಿಕ್ಸ್ ಅಕಾಡೆಮಿ 2020ರಿಂದ ತನ್ನದೇ ಪ್ರಶಸ್ತಿ ಕೊಡುತ್ತಿದೆ.

ಆ ತೀರ್ಪುಗಾರರ ಸಾಲಿನಲ್ಲಿ ಶಹಾಪುರದಲ್ಲಿ ಕೂತು ಸಿನಿಮಾ ನೋಡಿ ಬರೆಯುವವರೂ ಇರಬೇಕು ಎಂಬುದು ನಮ್ಮ ಆಸೆ. ಬರೆಯುವವರು ಇದ್ದರೆ ತಾನೇ ಕರೆಯುವುದು! ಚೋಮನನ್ನೋ ತಬರನನ್ನೋ ನೋಡಿದವರು ನಾಲ್ಕು ಸಾಲು ಬರೆದು ಕಳಿಸಿ. ನಮ್ಮ ಕಡೆಯ ಮಾತಿನಲ್ಲೇ ಇರಲಿ, ಹಾಗೇ ಹಾಕುತ್ತೇವೆ.