ನೋವಿಗೊಂದು ಗಡಿಯಾರ

ವೈದ್ಯಕೀಯದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಶೋಧಗಳ ಚರಿತ್ರೆಯೆಂದೇ ಓದುತ್ತೇವೆ: ಅರಿವಳಿಕೆ, ಕ್ಷ-ಕಿರಣ, ಪೆನಿಸಿಲಿನ್. ರೋಗಿಯ ಇರುಳನ್ನು ಹಗುರಗೊಳಿಸಿದ ಬದಲಾವಣೆಗಳಿಗೆ ಆ ಪಟ್ಟಿಯಲ್ಲಿ ಸ್ಥಾನ ದೊರೆಯುವುದು ಅಪರೂಪ. ಅವುಗಳಲ್ಲಿ ಹಲವು ದಾದಿಯರ ದಿನಚರಿಯಲ್ಲಿ ರೂಪುಗೊಂಡವು.

ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ 'ನೋಟ್ಸ್ ಆನ್ ನರ್ಸಿಂಗ್' ಕೃತಿಯಲ್ಲಿ ಸದ್ದಿಗಾಗಿಯೇ ಒಂದು ಅಧ್ಯಾಯವಿದೆ. ಎಡೆಬಿಡದ ಗದ್ದಲಕ್ಕಿಂತ ಹಠಾತ್ತನೆ ಎದ್ದ ಸದ್ದು, ಬಾಗಿಲಾಚೆಯ ಪಿಸುಮಾತು, ಉಡುಪಿನ ಸರಸರ ರೋಗಿಯನ್ನು ಹೆಚ್ಚು ಬಾಧಿಸುತ್ತವೆಂದು ಆಕೆ ಗುರುತಿಸಿದರು. ಕೆಲವು ತಾಸು ಮಲಗಿ ಎಚ್ಚರಗೊಂಡವನಿಗೆ ಮತ್ತೆ ನಿದ್ದೆ ಹತ್ತಬಹುದು. ಕಣ್ಣು ಮುಚ್ಚಿದ ಕೆಲವೇ ನಿಮಿಷಗಳಲ್ಲಿ ಎಬ್ಬಿಸಿದರೆ ಹತ್ತುವುದು ಕಷ್ಟ. ನೋವಿನ ಸ್ವಭಾವವೂ ಅಂಥದೇ, ಅದು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ ಎಂಬುದು ಅವರ ಅವಲೋಕನ.

ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ಹೆಸರಿನ ಶುಶ್ರೂಷಾ ಶಾಲೆ ಆರಂಭವಾದದ್ದು 1860ರಲ್ಲಿ. ಎಂಬತ್ತು ವರ್ಷಗಳ ತರುವಾಯ ಅಲ್ಲಿ ವಿದ್ಯಾರ್ಥಿನಿಯಾದವರು ಸಿಸಿಲಿ ಸಾಂಡರ್ಸ್. ಬೆನ್ನುನೋವಿನಿಂದಾಗಿ ಅವರು ದಾದಿಯ ವೃತ್ತಿಯನ್ನು ತೊರೆಯಬೇಕಾಯಿತು. ಆ ಬಳಿಕ ಸೇಂಟ್ ಲೂಕ್ಸ್ ಎಂಬ ಆರೈಕೆಮನೆಯಲ್ಲಿ ಸ್ವಯಂಸೇವಕಿಯಾಗಿದ್ದಾಗ ಅವರು ಒಂದು ಪದ್ಧತಿಯನ್ನು ಕಂಡರು. ಬೇರೆಡೆ ಚಟ ಅಂಟೀತೆಂಬ ಭಯದಿಂದ, ನೋವು ತಾಳಲಾರದಷ್ಟಾದ ಮೇಲೆಯೇ ಮಾರ್ಫಿನ್ ಕೊಡುತ್ತಿದ್ದರು. ರೋಗಿ ನರಳಿ ಔಷಧಿಯನ್ನು ಸಂಪಾದಿಸಬೇಕಿತ್ತು! ಸೇಂಟ್ ಲೂಕ್ಸ್‌ನ ದಾದಿಯರಾದರೋ ಗಡಿಯಾರ ನೋಡಿ, ಹಿಂದಿನ ಪ್ರಮಾಣದ ಪ್ರಭಾವ ಇಳಿಯುವ ಮೊದಲೇ ಮುಂದಿನದನ್ನು ಬಾಯಿಗೆ ಹಾಕುತ್ತಿದ್ದರು. ನೋವು ಮರಳುವುದೆಂಬ ಅಂಜಿಕೆಯೇ ಇಲ್ಲವಾದಾಗ ರೋಗಿಗಳು ಊಟ ಮಾಡಿದರು, ಮಾತನಾಡಿದರು, ನಿದ್ರಿಸಿದರು.

ದಾದಿಯರ ಈ ಅರಿವಿಗೆ ವೈದ್ಯಲೋಕ ಕಿವಿಗೊಡಬೇಕಾದರೆ ತಾವೇ ವೈದ್ಯೆಯಾಗಬೇಕೆಂದು ಸಾಂಡರ್ಸ್ ಮನಗಂಡರು. 1957ರಲ್ಲಿ ಪದವಿ ಪಡೆದರು. ಸೇಂಟ್ ಜೋಸೆಫ್ಸ್ ಆಶ್ರಯಧಾಮದಲ್ಲಿ ಈ ಕ್ರಮವನ್ನು ಜಾರಿಗೆ ತಂದು, ರೋಗಿಗಳ ಅನುಭವವನ್ನು ವ್ಯವಸ್ಥಿತವಾಗಿ ದಾಖಲಿಸಿದರು. ದೇಹದ ನೋವಿನೊಡನೆ ಮನಸ್ಸಿನ ಕಳವಳ, ಸಂಸಾರದ ಚಿಂತೆ, ಬದುಕಿನ ಅರ್ಥದ ಪ್ರಶ್ನೆ ಹೆಣೆದುಕೊಂಡಿರುವುದನ್ನು 'ಸಮಗ್ರ ನೋವು' ಎಂದು ಕರೆದರು. 1967ರಲ್ಲಿ ಅವರು ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಜಗತ್ತಿಗೆ ಮಾದರಿಯಾಯಿತು.

ನಮ್ಮ ದೇಶದಲ್ಲಿ ಈ ಹಾದಿಗೆ ಬೇರೊಂದು ತೊಡಕು ಎದುರಾಯಿತು. 1985ರ ಮಾದಕವಸ್ತು ಕಾಯಿದೆ ಕಳ್ಳಸಾಗಣೆಯನ್ನು ತಡೆಯಲು ಹುಟ್ಟಿದರೂ, ಅದರ ಪರವಾನಗಿಗಳ ಜಟಿಲತೆಯಿಂದ ಆಸ್ಪತ್ರೆಗಳಿಗೆ ಮಾರ್ಫಿನ್ ದುರ್ಲಭವಾಯಿತು. ಆ ದಿನಗಳಲ್ಲಿಯೇ, 1986ರಲ್ಲಿ, ಮುಂಬೈಯ ಬಾಂದ್ರಾದಲ್ಲಿ ಶಾಂತಿ ಆವೇದನಾ ಆಶ್ರಮ ಬಾಗಿಲು ತೆರೆಯಿತು. 1993ರಲ್ಲಿ ಕ್ಯಾಲಿಕಟ್‌ನಲ್ಲಿ ನೋವು ಶಮನ ಚಿಕಿತ್ಸಾಲಯವೂ, 1999ರಲ್ಲಿ ಬೆಂಗಳೂರಿನಲ್ಲಿ ಕರುಣಾಶ್ರಯವೂ ಆರಂಭವಾದವು. ಕಾಯಿದೆಗೆ ತಿದ್ದುಪಡಿಯಾಗಿ ನಿಯಮಗಳು ಸರಳಗೊಂಡದ್ದು 2014ರಲ್ಲಿ. ಸರ್ಕಾರಿ ಕಡತಗಳ ನಡುವೆ ಬದುಕುವ ನಮ್ಮಂಥವರಿಗೆ ಈ ಇಪ್ಪತ್ತೊಂಬತ್ತು ವರ್ಷಗಳ ಅಂತರ ಬರಿಯ ಅಂಕಿಯಾಗಿ ಕಾಣದು. ಒಂದು ಸಹಿ ತಡವಾದಾಗ ಎಲ್ಲೋ ಒಂದು ಹಾಸಿಗೆಯ ಮೇಲೆ ಇರುಳು ದೀರ್ಘವಾಗುತ್ತದೆ.

ಊರಿನಿಂದ ದೂರವಿರುವ ನಾವು ಹಿರಿಯರ ಕಾಯಿಲೆಯನ್ನು ಬಹಳಷ್ಟು ಸಲ ದೂರವಾಣಿಯಲ್ಲೇ ಕೇಳಿ ತಿಳಿಯುತ್ತೇವೆ. ವರದಿ ಏನು ಹೇಳಿತು, ಖರ್ಚು ಎಷ್ಟಾಯಿತು ಎಂದು ವಿಚಾರಿಸುತ್ತೇವೆ. 'ಸ್ವಲ್ಪ ತಡೆದುಕೊಳ್ಳಿ' ಎಂದು ಧೈರ್ಯ ಹೇಳುತ್ತೇವೆ. ಸೇಂಟ್ ಲೂಕ್ಸ್‌ನ ದಾದಿಯರು ಆ ತಾಳ್ಮೆಯನ್ನು ರೋಗಿಯಿಂದ ಬೇಡಲಿಲ್ಲ. ರಾತ್ರಿ ನಿದ್ದೆ ಬಂತೇ, ನೋವಿಗೆ ಕೊಟ್ಟ ಔಷಧಿ ಹೊತ್ತಿಗೆ ಸರಿಯಾಗಿ ಸಿಕ್ಕಿತೇ ಎಂಬ ಪ್ರಶ್ನೆಗಳನ್ನು ನಾವು ಮೊದಲು ಕೇಳಬಹುದು.