ಹೆಣದ ಮೇಲಿನ ನಾಯಿ, ನರಿ, ಹದ್ದು

ಯುದ್ಧ ಗೆದ್ದವರ ಕಥೆ ಎಲ್ಲರಿಗೂ ಗೊತ್ತು. ಬಿದ್ದವರ ಹೆಣ ಏನಾದುವು ಅಂತ ಕೇಳೀರೇನು, ಗೆಳೆಯರೇ?

ಗ್ರೀಕ್ ಕವಿ ಹೋಮರ್ ‘ಇಲಿಯಡ್’ ಶುರುವಿನಲ್ಲೇ ವೀರರ ದೇಹಗಳು ನಾಯಿ, ಹಕ್ಕಿಗಳ ಪಾಲಾದವು ಅಂತಾನೆ. ಸಾಯೋ ಮುಂದೆ ಹೆಕ್ಟರ್ ವೈರಿ ಅಕಿಲೀಸನಿಗೆ ಬೇಡಿಕೊಳ್ಳೋದು ಒಂದೇ: ನನ್ನ ಹೆಣ ನಾಯಿಗೆ ಹಾಕಬ್ಯಾಡ, ಮನೆಗೆ ಕಳಿಸು. ಕೊನೆಗೆ ಮುದಿ ತಂದೆ ಪ್ರಿಯಾಮ್ ರಾತ್ರಿ ಅದೇ ವೈರಿಯ ಬಿಡಾರಕ್ಕೆ ಹೋಗಿ ಮಗನ ದೇಹ ಬಿಡಿಸಿಕೊಂಡು ಬರ್ತಾನೆ.

ಮಹಾಭಾರತದ ಸ್ತ್ರೀಪರ್ವದಲ್ಲೂ ಕುರುಕ್ಷೇತ್ರದ ತುಂಬ ನರಿ, ಹದ್ದು, ಕಾಗೆ. ಗಾಂಧಾರಿ ಅದನ್ನೆಲ್ಲ ಕೃಷ್ಣನಿಗೆ ತೋರಿಸಿ ಅಳ್ತಾಳೆ.

ಅದೇ ರಣರಂಗವನ್ನು ಕನ್ನಡದಲ್ಲಿ ತೋರಿಸಿದವನು ನಮ್ಮ ಬೀಳಗಿ ಪಕ್ಕದ ಮುಧೋಳದಲ್ಲಿ ಹುಟ್ಟಿದ ರನ್ನ, 10ನೇ ಶತಮಾನದ ಕವಿ. ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನ ಹೆಣಗಳ ನಡುವೆ ದಾರಿ ಮಾಡ್ಕೊಂಡು ನಡೀತಾನೆ. ಮರುಳುಗಳು ಅರಸನನ್ನೇ ಅಣಕಿಸ್ತಾವೆ. ಮಗ ಲಕ್ಷಣಕುಮಾರ ಸತ್ತು ಬಿದ್ದಾನೆ. ಮಗ ತಂದೆಗೆ ಬಿಡಬೇಕಾದ ನೀರನ್ನು ತಂದೆಯೇ ಮಗನಿಗೆ ಬಿಡೋ ಹಂಗಾಯ್ತಲ್ಲ ಅಂತ ಗೋಳಾಡ್ತಾನೆ.

ಪ್ರಿಯಾಮ್‌ಗೆ ಮಗನ ದೇಹವಾದ್ರೂ ಮನೆಗೆ ಬಂತು. ದುರ್ಯೋಧನ ಮಗನನ್ನು ಅಲ್ಲೇ ಬಿಟ್ಟು ಮುಂದೆ ನಡೀಬೇಕಾಯ್ತು.

ಕಾವ್ಯದಾಗ ನಾಯಿ, ನರಿ ಬಂದ್ರೆ ತಿಳ್ಕೋರಿ: ಸತ್ತವನಿಗೆ ಮಣ್ಣು ಕೊಡೋರು, ನೀರು ಬಿಡೋರು ಹತ್ತಿರ ಇಲ್ಲ.

ಮುಂದಿನ ಭಾಗ: ವೀರಗಲ್ಲುಗಳು.