ಹೇಳದೆ ಬಿಟ್ಟ ಮಾತಿನ ಬೆನ್ನುಹತ್ತಿ

ಪತ್ರಿಕೆಯ ಸಂಪಾದಕೀಯ ಪುಟದಲ್ಲಿ ಇಂಥದೊಂದು ವಾಕ್ಯ ಬಂದಿದೆ ಅಂದುಕೊಳ್ಳೋಣ: ‘ಹತ್ತು ಮಕ್ಕಳೂ ಇಲ್ಲದ ಸರ್ಕಾರಿ ಶಾಲೆಯನ್ನು ನಡೆಸುವುದೆಂದರೆ ತೆರಿಗೆದಾರರ ಹಣವನ್ನು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಕಳೆಯುವುದು, ಪಕ್ಕದೂರಿನ ಶಾಲೆಯೊಂದಿಗೆ ವಿಲೀನ ಮಾಡುವುದೇ ಸರಿ.’ ಓದಿ ತಲೆಯಾಡಿಸುವವರು ಬಹಳ. ಇಲ್ಲಿ ಒಂದು ಸಂಗತಿಯಿದೆ, ಒಂದು ತೀರ್ಮಾನವಿದೆ. ಶಾಲೆ ಬೇಕೋ ಬೇಡವೋ ಎಂಬುದನ್ನು ಮಕ್ಕಳ ತಲೆ ಎಣಿಸಿ ನಿರ್ಧರಿಸಬೇಕು ಎಂಬ, ಎರಡನ್ನೂ ಬೆಸೆಯುವ ಮಾತು ಮಾತ್ರ ಇಲ್ಲ. ಅದನ್ನು ಓದುಗರೇ ಒದಗಿಸಿಕೊಂಡರು. ಬರಹ ಹೇಗೆ ಮನವೊಲಿಸುತ್ತದೆ ಎಂದು ಶೋಧಿಸಿದ ವಿದ್ಯೆಯ ಚರಿತ್ರೆ, ನನ್ನ ಮಟ್ಟಿಗೆ, ಹೀಗೆ ಹೇಳದೆ ಬಿಟ್ಟ ಮಾತನ್ನು ಕಂಡು, ಮರೆತು, ಮತ್ತೆ ಕಂಡ ಚರಿತ್ರೆ.

ಮೊದಲು ಕಂಡವನು ಅರಿಸ್ಟಾಟಲ್. ಕ್ರಿ.ಪೂ. 4ನೇ ಶತಮಾನದ ಅವನ ‘ರೆಟರಿಕ್’ ಕೃತಿಯಿಂದ ಜನ ನೆನಪಿಟ್ಟುಕೊಂಡದ್ದು ಈಥೋಸ್, ಪೇಥೋಸ್, ಲೋಗೋಸ್ ಎಂಬ ತ್ರಿವಳಿಯನ್ನು: ಮಾತನಾಡುವವನ ಮೇಲಿನ ನಂಬಿಕೆ, ಕೇಳುವವರ ಭಾವ, ಮಾತಿನೊಳಗಿನ ತರ್ಕ. ಆದರೆ ಅವನು ಮನವೊಲಿಕೆಯ ಒಡಲು ಎಂದು ಕರೆದದ್ದು ಎಂಥಿಮೀಮ್ ಎಂಬ ತರ್ಕರೂಪವನ್ನು. ಅದರಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ಹೇಳಬೇಕಿಲ್ಲ, ಕೇಳುಗನೇ ತುಂಬಿಕೊಳ್ಳುತ್ತಾನೆ. ಡೋರಿಯಸ್ ಒಲಿಂಪಿಕ್ಸ್‌ನಲ್ಲಿ ಗೆದ್ದ ಎಂದರೆ ಸಾಕು, ಅಲ್ಲಿನ ಬಹುಮಾನ ಕಿರೀಟವೆಂದು ಸೇರಿಸಬೇಕಾಗಿಲ್ಲ ಎಂಬುದು ಅವನೇ ಕೊಟ್ಟ ಉದಾಹರಣೆ.

ನಮ್ಮ ನ್ಯಾಯದರ್ಶನ ಇದೇ ಸಂಗತಿಯನ್ನು ತದ್ವಿರುದ್ಧವಾಗಿ ನೋಡಿತು. ಇನ್ನೊಬ್ಬರನ್ನು ಒಪ್ಪಿಸುವ ವಾದಕ್ಕೆ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದೂ ಅವಯವಗಳಿರಬೇಕು. ಸತ್ಯ ತಿಳಿಯಲೆಂದು ನಡೆಯುವ ವಾದ, ಗೆಲ್ಲಲೆಂದು ನಡೆಯುವ ಜಲ್ಪ, ತನ್ನ ಪಕ್ಷವೇ ಇಲ್ಲದೆ ಎದುರಾಳಿಯನ್ನು ಕೆಡವುವ ವಿತಂಡ ಎಂದು ಚರ್ಚೆಗಳನ್ನೂ ಅದು ವಿಂಗಡಿಸಿತು. ಸೋಲನ್ನು ಸಾರುವ 22 ನಿಗ್ರಹಸ್ಥಾನಗಳಲ್ಲಿ ಒಂದರ ಹೆಸರು ನ್ಯೂನ. ಒಂದು ಅವಯವ ಬಿಟ್ಟುಹೋದರೂ ವಾದಿ ಸೋತಂತೆ. ಗ್ರೀಕರಿಗೆ ಶಕ್ತಿಯಾಗಿ ಕಂಡದ್ದು ನೈಯಾಯಿಕರಿಗೆ ಸೋಲಾಗಿ ಕಂಡಿತು. ಜಾಣ ಎದುರಾಳಿ ಕೂತ ಸಭೆಯಲ್ಲಿ ಬಿಟ್ಟ ಮಾತು ಸಿಕ್ಕಿಬೀಳುತ್ತದೆ, ಜನಸಮೂಹದ ಮುಂದೆ ಅದೇ ಮಾತು ಕೈಹಿಡಿಯುತ್ತದೆ. ಪತ್ರಿಕೆಯ ಲೇಖನಕ್ಕೆ ಇರುವುದು ಎರಡನೆಯ ಬಗೆಯ ಸಭೆ.

ಮುಂದಿನ ಶತಮಾನಗಳಲ್ಲಿ ಈ ಹೊಳಹು ಮಸುಕಾಯಿತು. 16ನೇ ಶತಮಾನದ ಫ್ರಾನ್ಸಿನಲ್ಲಿ ಪೀಟರ್ ರೇಮಸ್ ವಾದದ ಭಾಗವನ್ನು ತರ್ಕಶಾಸ್ತ್ರಕ್ಕೆ ಒಪ್ಪಿಸಿ, ಮನವೊಲಿಕೆಯ ವಿದ್ಯೆಯಾದ ರೆಟರಿಕ್‌ಗೆ ಶೈಲಿ ಮತ್ತು ನಿರೂಪಣೆಯನ್ನಷ್ಟೇ ಉಳಿಸಿದ. ಕನ್ನಡದಲ್ಲಿ 9ನೇ ಶತಮಾನದ ‘ಕವಿರಾಜಮಾರ್ಗ’ದಿಂದಲೂ ಅಲಂಕಾರಶಾಸ್ತ್ರದ ಗಮನ ಕಾವ್ಯದ ಮೇಲೇ ಇತ್ತು. ಶಾಲೆಯಲ್ಲಿ ಉಪಮೆ, ರೂಪಕ ಕಲಿತ ನಮ್ಮ ಕಣ್ಣು ಮೇಲಿನ ವಾಕ್ಯದಲ್ಲಿ ಹುಣಸೆಹಣ್ಣನ್ನು ಥಟ್ಟನೆ ಗುರುತಿಸುತ್ತದೆ, ಅಲ್ಲಿಗೇ ನಿಲ್ಲುತ್ತದೆ.

ವಿಶ್ವವಿದ್ಯಾಲಯದ ಶಿಸ್ತಾಗಿ ಈ ವಿದ್ಯೆ ಮೈದಳೆದದ್ದು ಅಮೆರಿಕದಲ್ಲಿ. 1925ರಲ್ಲಿ ಹರ್ಬರ್ಟ್ ವಿಚೆಲ್ನ್ಸ್, ಭಾಷಣವನ್ನು ಅಳೆಯಬೇಕಾದದ್ದು ಅದರ ಚೆಲುವಿನಿಂದಲ್ಲ, ಕೇಳುಗರ ಮೇಲಿನ ಪರಿಣಾಮದಿಂದ ಎಂದ. 1937ರಲ್ಲಿ ಹುಟ್ಟಿದ ಪ್ರಚಾರ ವಿಶ್ಲೇಷಣಾ ಸಂಸ್ಥೆ ಹೆಸರಿಟ್ಟು ಹೀಗಳೆಯುವುದು, ‘ನಾನೂ ನಿಮ್ಮಂಥವನೇ’ ಎನ್ನುವುದು, ‘ಎಲ್ಲರೂ ಹೀಗೇ ಮಾಡುತ್ತಿದ್ದಾರೆ’ ಎನ್ನುವುದು ಮುಂತಾದ ಏಳು ತಂತ್ರಗಳ ಪಟ್ಟಿಯನ್ನು ಶಾಲೆಗಳಿಗೆ ಹಂಚಿತು. 1942ರಲ್ಲಿ ಮುಚ್ಚಿತು. ಪಟ್ಟಿ ಉಪಯುಕ್ತವೇ, ಆದರೆ ಜನ ಯಾಕೆ ಒಲಿದರು ಎಂಬುದನ್ನು ಅದು ಹೇಳಲಾರದು. ಆ ಪ್ರಶ್ನೆಯನ್ನು 1939ರಲ್ಲಿ ಕೆನೆತ್ ಬರ್ಕ್ ಎತ್ತಿಕೊಂಡ. ಹಿಟ್ಲರನ ‘ಮೈನ್ ಕಾಂಫ್’ ಅನ್ನು ಬೈದು ಬದಿಗಿಡದೆ, ಅದು ಓದುಗರ ಯಾವ ಸಂಕಟಕ್ಕೆ ಎಂಥ ಸುಳ್ಳು ಮದ್ದು ಕೊಟ್ಟಿತೆಂದು ಪರೀಕ್ಷಿಸಿದ. ಓದುಗ ತನ್ನನ್ನು ಬರಹಗಾರನೊಂದಿಗೆ ಒಂದೆಂದು ಗುರುತಿಸಿಕೊಳ್ಳುವುದರಲ್ಲೇ ಒಲಿಕೆಯ ಬೇರಿದೆ ಎಂದು 1950ರಲ್ಲಿ ಸಿದ್ಧಾಂತವನ್ನೂ ಕಟ್ಟಿದ. ಈ ಕ್ಷೇತ್ರದಲ್ಲಿ ಒಂದೇ ಬರಹ ಓದುವ ಬಿಡುವಿದ್ದರೆ ಆ 1939ರ ಪ್ರಬಂಧವನ್ನೇ ಓದಬೇಕು.

1958ರಲ್ಲಿ ಎರಡು ಪುಸ್ತಕಗಳು ಬಂದವು. ಪೆರೆಲ್ಮನ್ ಮತ್ತು ಓಲ್‌ಬ್ರೆಕ್ಟ್ಸ್-ಟಿಟೆಕಾ ವಾದವನ್ನು ಮತ್ತೆ ಶ್ರೋತೃವಿಗೆ ಕಟ್ಟಿದರು. ಸ್ಟೀಫನ್ ಟೂಲ್ಮಿನ್, ಸಂಗತಿಯಿಂದ ತೀರ್ಮಾನಕ್ಕೆ ದಾಟಿಸುವ ಆ ಮೌನ ನಿಯಮಕ್ಕೆ ‘ವಾರಂಟ್’ ಎಂದು ಹೆಸರು ಕೊಟ್ಟ. ನಮ್ಮ ಶಾಲೆಯ ವಾಕ್ಯದಲ್ಲಿ ತಲೆ ಎಣಿಸುವ ನಿಯಮವೇ ವಾರಂಟ್. ಅದನ್ನು ಹೊರಗೆಳೆದು ಎದುರಿಗಿಟ್ಟ ಕೂಡಲೇ ಜಗಳ ಅಂಕಿಯ ಮೇಲಲ್ಲ, ನಿಯಮದ ಮೇಲೆ ಎಂದು ಗೊತ್ತಾಗುತ್ತದೆ.

ಎಡ್ವಿನ್ ಬ್ಲ್ಯಾಕ್ 1970ರಲ್ಲಿ ಇನ್ನೂ ಆಳಕ್ಕೆ ಹೋದ. ಬರಹ ತನ್ನ ಓದುಗನನ್ನು ಮೊದಲೇ ಕಲ್ಪಿಸಿಕೊಂಡು, ‘ನೀನು ಇಂಥವನಾಗು’ ಎಂದು ಕರೆಯುತ್ತದೆ. ಇದು ಅವನು ಹೇಳುವ ಎರಡನೇ ವ್ಯಕ್ತಿತ್ವ. ‘ತೆರಿಗೆದಾರ’ ಎಂಬ ಒಂದೇ ಪದ ನಮ್ಮನ್ನು ಹಣ ಕೊಟ್ಟವರ ಕುರ್ಚಿಯಲ್ಲಿ ಕೂರಿಸುತ್ತದೆ. 1984ರಲ್ಲಿ ಫಿಲಿಪ್ ವಾಂಡರ್, ಹಾಗಾದರೆ ಬರಹ ಯಾರನ್ನು ಓದುಗರೆಂದೇ ಎಣಿಸಲಿಲ್ಲ ಎಂದು ಕೇಳಿದ. ಬೆಳಿಗ್ಗೆ ಚೀಲ ಹೊತ್ತು ಪಕ್ಕದೂರಿಗೆ ನಡೆಯಬೇಕಾದ ಹುಡುಗಿ, ಕೂಲಿ ಬಿಟ್ಟು ಅವಳನ್ನು ಕಳಿಸಿ ಬರಬೇಕಾದ ತಾಯಿ ಆ ವಾಕ್ಯದಲ್ಲಿ ಎಲ್ಲೂ ಇಲ್ಲ. ನನ್ನ ಪ್ರಕಾರ ಈ ವಿದ್ಯೆಯ ಅತಿ ಮುಖ್ಯ ಪ್ರಶ್ನೆ ಇದೇ.

ಓದುಗರನ್ನು ಕೂರಿಸುವ ಜಾಗವನ್ನು ಸತ್ಯಕ್ಕಾಗಿಯೂ ಬಳಸಬಹುದು. ವಿಮರ್ಶಕರು ಮತ್ತೆ ಮತ್ತೆ ಮರಳುವ ಬರಹವೊಂದಿದೆ: 1963ರ ಏಪ್ರಿಲ್ 16ರ ದಿನಾಂಕವಿರುವ, ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಬಹಿರಂಗ ಪತ್ರ. ಅವರ ಚಳವಳಿಯನ್ನು ಅವಸರದ್ದೆಂದ ಎಂಟು ಬಿಳಿಯ ಧರ್ಮಗುರುಗಳಿಗೆ ಅದು ಉತ್ತರ. ಹೊರಗಿನವನೆಂಬ ಆಕ್ಷೇಪಕ್ಕೆ ಅವರು ಸಂತ ಪೌಲನನ್ನು ಮುಂದಿಡುತ್ತಾರೆ. ಅನ್ಯಾಯದ ಕಾನೂನಿನ ಮಾತು ಬಂದಾಗ ಅಗಸ್ಟೀನ್, ಅಕ್ವೈನಾಸ್, ಜೊತೆಗೆ ಯಹೂದಿ ಚಿಂತಕ ಮಾರ್ಟಿನ್ ಬೂಬರ್ ಬರುತ್ತಾರೆ. ಎಂಟು ಮಂದಿಯಲ್ಲಿ ಒಬ್ಬರು ರಬ್ಬಿ. ‘ಕಾಯಿರಿ’ ಎಂಬ ಬುದ್ಧಿವಾದಕ್ಕೆ ಕೊಟ್ಟ ಉತ್ತರವಂತೂ 300ಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯ. ಕರಿಯರು ಉಂಡ ಅವಮಾನಗಳನ್ನು ಅದು ‘ನೀವು’ ಎಂದೇ ಒಂದೊಂದಾಗಿ ಪೋಣಿಸುತ್ತ, ಮುಖ್ಯ ಕ್ರಿಯೆಯನ್ನು ಕೊನೆಯವರೆಗೂ ತಡೆಹಿಡಿಯುತ್ತದೆ. ಕಾಯುವುದು ಎಷ್ಟು ಕಷ್ಟವೆಂದು ವಾಕ್ಯದ ಕಟ್ಟೇ ಓದುಗರಿಗೆ ತಿಳಿಸಿಕೊಡುತ್ತದೆ. ಇಲ್ಲಿ ತಂತ್ರವನ್ನೂ ವಾದವನ್ನೂ ಬೇರ್ಪಡಿಸಲಾಗದು.

ಈಚಿನ ವರ್ಷಗಳಲ್ಲಿ ಅಳೆಯುವವರೂ ಯಂತ್ರಗಳೂ ಬಂದಿವೆ. ಅಭಿಪ್ರಾಯ ಲೇಖನ ಓದಿದವರ ನಿಲುವು ಒಂದು ತಿಂಗಳ ಬಳಿಕವೂ ಒಂದಿಷ್ಟು ಬದಲಾಗಿಯೇ ಉಳಿದಿರುತ್ತದೆಂದು ಅಲೆಕ್ಸಾಂಡರ್ ಕೊಪೊಕ್ ಮತ್ತು ಸಂಗಡಿಗರ 2018ರ ಅಧ್ಯಯನ ತೋರಿಸಿತು. ಅದೇ ವರ್ಷ ಸಂಶೋಧಕರು, ಒಂದು ವಾದಕ್ಕೆ ಹೊಂದುವ ವಾರಂಟ್ ಎರಡರಲ್ಲಿ ಯಾವುದೆಂದು ಆರಿಸುವ ಪರೀಕ್ಷೆಯನ್ನು ಕಂಪ್ಯೂಟರಿಗೆ ಒಡ್ಡಿದರು. ಬರ್ಟ್ ಎಂಬ ಭಾಷಾ ಮಾದರಿ ಶೇ. 77ರವರೆಗೆ ಸರಿಯುತ್ತರ ಕೊಟ್ಟಿತು. ಮನುಷ್ಯರ ಸರಾಸರಿಗಿಂತ ಮೂರೇ ಅಂಕ ಕಡಿಮೆ. 2019ರಲ್ಲಿ ನಿವೆನ್ ಮತ್ತು ಕಾವ್ ಪರೀಕ್ಷಿಸಿ ನೋಡಿದಾಗ, ಅದು ವಾದವನ್ನು ಅರಿತಿರಲಿಲ್ಲ, ನಿಷೇಧದ ಪದದಂಥ ಮೇಲ್ಮೈ ಸುಳಿವುಗಳನ್ನು ಹಿಡಿದಿತ್ತು. ಆ ಸುಳಿವು ತೆಗೆದಾಗ ಫಲಿತಾಂಶ ನಾಣ್ಯ ಚಿಮ್ಮಿದಷ್ಟಕ್ಕೆ ಇಳಿಯಿತು.

ಕನ್ನಡದಲ್ಲಿ ಟಿಎಸ್ಸಾರ್ ಅವರ ‘ಛೂಬಾಣ’, ಲಂಕೇಶರ ‘ಟೀಕೆ ಟಿಪ್ಪಣಿ’ಯಂಥ ಅಂಕಣಗಳ ಸಂಪತ್ತು ನಮ್ಮಲ್ಲಿದೆ. ಅವುಗಳ ಬಗ್ಗೆ ನಾನು ಓದಿರುವುದೆಲ್ಲ ಹೆಚ್ಚಾಗಿ ಶೈಲಿ ಮತ್ತು ನಿಲುವಿನ ಚರ್ಚೆ. ಲಂಕೇಶರ ಒಂದೇ ಒಂದು ಅಂಕಣವನ್ನು ಎತ್ತಿಕೊಂಡು, ಅವರು ಯಾವ ಅವಯವವನ್ನು ಬಿಟ್ಟರು, ಓದುಗರನ್ನು ಎಲ್ಲಿ ಕೂರಿಸಿದರು, ಯಾರನ್ನು ಹೊರಗಿಟ್ಟರು ಎಂದು ಬಿಡಿಸಿ ತೋರಿಸುವ ಬರಹಗಳು ಬರಬೇಕು. ಪತ್ರಿಕೋದ್ಯಮ ವಿಭಾಗದ ಒಂದು ತರಗತಿ ಮನಸ್ಸು ಮಾಡಿದರೆ ಒಂದೇ ಸೆಮಿಸ್ಟರ್‌ನಲ್ಲಿ ಇದನ್ನು ಶುರುಮಾಡಬಹುದು.